ಟೂರ್ ಮುಗಿದ ಮೇಲೆ ಉಳಿಯೋದೇನು?

ಆನ್‌ಸೈಟ್‌ಗೆ ಹೋಗಿ ಬಂದವರಿಗೆ ಇದು ಗೊತ್ತಿರುತ್ತೆ. ಪ್ರಾಜೆಕ್ಟ್ ಮುಗಿದ ಮೇಲೆ ಒಂದು ಮೀಟಿಂಗ್. ಏನು ಚೆನ್ನಾಗಾಯ್ತು, ಎಲ್ಲಿ ಎಡವಿದ್ವಿ ಅಂತ ಎಲ್ಲರೂ ಬಾಯಿ ಬಿಡಬೇಕು. ಆದ್ರೆ ಚೆನ್ನಾಗಾಗಿದ್ದನ್ನಷ್ಟೇ ಹೇಳಿ, ಕೇಕ್ ತಿಂದು ಎದ್ದು ಹೋಗ್ತೀವಿ. ವಿದೇಶ ಸುತ್ತಿ ಬಂದ ಹಾಡಿನ ತಂಡಗಳ ನೆನಪುಗಳೂ ಬಹಳಷ್ಟು ಸಲ ಹೀಗೇ. ಎಷ್ಟು ಊರು, ಎಷ್ಟು ಚಪ್ಪಾಳೆ, ಯಾರ ಜೊತೆ ಫೋಟೊ.

ಹಾಗಲ್ಲದ ಒಂದು ಬರಹ ಈಚೆಗೆ ಓದಿದೆ. ಯಾದಗಿರಿಯವರಿಗೆ ಹೋಲ್ಸ್ಟನ್ ಆಸ್ಪತ್ರೆ ಗೊತ್ತು. ಹೋಲ್ಸ್ಟನ್ ಅನ್ನೋದು ಅಮೆರಿಕದ ಟೆನೆಸೀ ಸೀಮೆಯ ಒಂದು ನದಿಯ ಹೆಸರು. ಅದೇ ಟೆನೆಸೀಯ ನ್ಯಾಶ್ವಿಲ್‌ನಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ 1866ರಲ್ಲಿ ಮಿಷನರಿಗಳು ಫಿಸ್ಕ್ ಶಾಲೆ ತೆರೆದರು. ಶಾಲೆ ಸಾಲಕ್ಕೆ ಬಿತ್ತು. 1871ರ ಅಕ್ಟೋಬರ್ 6ರಂದು, ಲೆಕ್ಕಪತ್ರ ನೋಡ್ಕೊಳ್ತಿದ್ದ ಜಾರ್ಜ್ ವೈಟ್ ಒಂಬತ್ತು ವಿದ್ಯಾರ್ಥಿಗಳನ್ನ ಕಟ್ಟಿಕೊಂಡು ಹಾಡಿ ಹಣ ತರೋಕೆ ಹೊರಟ. ಅವರೇ ಜುಬಿಲಿ ಸಿಂಗರ್ಸ್. 1873ರಲ್ಲಿ ಇಂಗ್ಲೆಂಡಿಗೆ ಹೋದರು, ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಹಾಡಿನ ದುಡ್ಡಲ್ಲಿ ಎದ್ದ ಜುಬಿಲಿ ಹಾಲ್ 1876ರ ಹೊಸ ವರ್ಷದ ದಿನ ಬಾಗಿಲು ತೆರೆಯಿತು. ಕೊನೆಗೆ 1878ರಲ್ಲಿ, ದಣಿದು ಸೋತ ತಂಡ ಜರ್ಮನಿಯಲ್ಲಿ ಚದುರಿತು.

ಈ ತಂಡದಲ್ಲಿ ಪಿಯಾನೊ ನುಡಿಸುತ್ತಾ, ತಾಲೀಮು ಮಾಡಿಸುತ್ತಾ ವೈಟ್‌ಗೆ ಬಲಗೈಯಾಗಿದ್ದಾಕೆ ಎಲಾ ಶೆಪರ್ಡ್. ಹುಟ್ಟಿದ್ದೇ ಗುಲಾಮಳಾಗಿ, ಬಾಲ್ಯದಲ್ಲೇ ತಾಯಿಯಿಂದ ಅಗಲಿದವಳು. ಪ್ರವಾಸ ಶುರುವಾಗಿ ನಲವತ್ತು ವರ್ಷಕ್ಕೆ, 1911ರಲ್ಲಿ, ಆಕೆ ತಂಡದ ಚರಿತ್ರೆ ಬರೆದಳು. ಚಿಕ್ಕ ಬರಹ. ಅದರಲ್ಲಿ ನನಗೆ ಮುಖ್ಯ ಅನಿಸಿದ್ದು ರಾಣಿಯ ಪ್ರಸಂಗ ಅಲ್ಲ, ಒಂದು ಒಪ್ಪಿಗೆ. ಅಪ್ಪ ಅಮ್ಮಂದಿರ ಆ ಹಾಡುಗಳನ್ನ ಹೊರಗಿನವರ ಮುಂದೆ ಹಾಡೋಕೆ ತಮಗೆ ಮನಸ್ಸೇ ಇರಲಿಲ್ಲ ಅಂತಾಳೆ. ಒಂದು, ಅವು ಮರೆಯಬೇಕಾದ ಕತ್ತಲ ದಿನಗಳ ನೆನಪು. ಎರಡು, ಅವು ಹಿರಿಯರ ಪ್ರಾರ್ಥನೆ. ಮೊದಮೊದಲು ಒಬ್ಬ ಮೇಷ್ಟ್ರ ಮನೆಯಲ್ಲಿ, ಕುರ್ಚಿ ಸಾಲದೆ ನೆಲದ ಮೇಲೆ ಕೂತು, ಒಬ್ಬರಿಂದೊಬ್ಬರು ಮೆಲ್ಲಗೆ ಕಲಿತರಂತೆ.

ಬರಹದ ಬಲ ಇರೋದು ಇಲ್ಲೇ. ಗೆಲುವಿನ ಕಥೆ ಬರೀತಾ ಹಿಂಜರಿಕೆಯನ್ನ ಮುಚ್ಚಿಡಲಿಲ್ಲ. ಕೊರತೆಯೂ ಉಂಟು. ‘ನಾವು’ ಅನ್ನುತ್ತಾ ತನ್ನ ದುಡಿಮೆಯನ್ನ ಹಿಂದಕ್ಕೆ ಸರಿಸಿಬಿಡ್ತಾಳೆ. ವೇದಿಕೆ ಹತ್ತಿದ ಮೇಲೆ ಪ್ರಾರ್ಥನೆ ಪ್ರಾರ್ಥನೆಯಾಗೇ ಉಳೀತಾ ಅನ್ನೋ ಪ್ರಶ್ನೆಯನ್ನ ಎತ್ತಿ, ನಮ್ಮ ಕೈಗೆ ಕೊಟ್ಟು ಹೋಗ್ತಾಳೆ.

ಆ ಪ್ರಶ್ನೆ ನನಗೆ ಚುಚ್ಚೋಕೆ ಕಾರಣ ಇದೆ. ಅಮೆರಿಕದಲ್ಲಿದ್ದಾಗ ಕನ್ನಡ ಕೂಟವೊಂದರ ಯುಗಾದಿಗೆ ಆರು ಜನ ಸೇರಿ ಕಡಕೋಳ ಮಡಿವಾಳಪ್ಪನ ತತ್ವಪದ ಹಾಡಿದ್ವಿ. ತಂಡ ಕಟ್ಟಿದ್ದು ನಾನೇ. ಸಿಕ್ಕಿದ್ದು ನಾಲ್ಕು ನಿಮಿಷ. ಕೀಬೋರ್ಡ್ ಸೇರಿಸಿ, ಕಡೆಯ ನುಡಿ ಕತ್ತರಿಸಿದೆ. ಜೋರು ಚಪ್ಪಾಳೆ ಬಿತ್ತು. ಶಹಾಪುರ ತಾಲೂಕಿನ ನಮ್ಮೂರ ವಾಟ್ಸಾಪ್ ಗುಂಪಿಗೆ ವಿಡಿಯೊ ಹಾಕಿದೆ, ಮೂವತ್ತು ಹೆಬ್ಬೆರಳು ಬಂದವು.

ವಾಪಸ್ ಬಂದಾಗ ಕಾಕಾ ಮಾತ್ರ ಬೇರೆ ಮಾತಾಡಿದ. ಅಮಾವಾಸ್ಯೆ ಭಜನೆಗೆ ಏಕತಾರಿ ಹಿಡಿಯೋನು, ಸುರಪುರ ತಾಲೂಕಿನ ತಿಂಥಣಿ ಮೌನಪ್ಪನ ಜಾತ್ರೆಗೆ ತಪ್ಪದೆ ಹೋಗೋನು. ‘ಹಾಡು ಚೊಲೊ ಅದ. ಖರೆ, ಅಂಕಿತ ಎಲ್ಲಿ ಬಿಟ್ಟಿ ತಮ್ಮಾ? ಅಂಕಿತ ಇಲ್ಲಂದ್ರ ಆ ಪದ ಯಾರ್ದು?’

ಉತ್ತರ ಬರಲಿಲ್ಲ. ನಾನು ಕತ್ತರಿಸಿದ್ದ ಕಡೆಯ ನುಡಿಯಲ್ಲೇ ಕವಿಯ ಗುರುತು ಇತ್ತು.

ಶೆಪರ್ಡ್ ತಂಡವೂ ವೇದಿಕೆಗೆ ಬೇಕಾದಂಗೆ ಹಾಡನ್ನ ಹದ ಮಾಡ್ಕೊಂಡಿತ್ತು. ಆದ್ರೆ ಅದು ಯಾರ ಹಾಡು, ಯಾವ ನೋವಿನದು ಅನ್ನೋದನ್ನ ಆಕೆ ಬರೆದಿಟ್ಟಳು. ಹಾಡು ಸೀಮೆ ದಾಟಬಾರದು ಅಂತ ನಾನು ಹೇಳಲ್ಲ. ದಾಟದೇ ಹೋಗಿದ್ರೆ ಎಷ್ಟೋ ಹಾಡು ಅಜ್ಜ ಅಜ್ಜಿಯರ ಜೊತೆಗೇ ಮಣ್ಣಾಗ್ತಿದ್ದವು. ನಾಲ್ಕೇ ನಿಮಿಷ ಕೊಟ್ಟರೆ ನಡುವಿನ ನುಡಿ ಬಿಡಬಹುದು, ಕೀಬೋರ್ಡೂ ಇರಲಿ. ಅಂಕಿತ ಬಿಡಬಾರದು.

ಆ ರಾತ್ರಿ ಭಜನೆಯಲ್ಲಿ ಹಿಮ್ಮೇಳಕ್ಕೆ ಕೂತೆ. ಅದೇ ಪದ ಮುಗಿಯೋಕೆ ಇಪ್ಪತ್ತು ನಿಮಿಷ ಹಿಡೀತು. ಚಪ್ಪಾಳೆ ಯಾರೂ ಹೊಡೀಲಿಲ್ಲ. ಎಲ್ಲರೂ ಹಾಡ್ತಿದ್ರು.