ಹೊಗೆಯನ್ನು ಅಳೆದು ಬೆಂಕಿಯ ಫಲ ಹೇಳಬಹುದೆ?

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸುವುದು ನಮ್ಮ ತರ್ಕಶಾಸ್ತ್ರದ ಹಳೆಯ ಉದಾಹರಣೆ. ಆದರೆ ಹೊಗೆಯ ಪ್ರಮಾಣವನ್ನು ನೋಡಿ, ಯಾವ ಮರ ಸುಟ್ಟುಹೋಗುತ್ತದೆ, ಯಾವುದು ಉಳಿಯುತ್ತದೆ ಎಂದು ಹೇಳಬಹುದೆ? ಮಹಾಪಧಮನಿಯ ರೋಗಗಳನ್ನು ಕುರಿತ ಈಚಿನ ಅನೇಕ ಸಂಶೋಧನಾ ಪ್ರಬಂಧಗಳನ್ನು ಓದುವಾಗ ಈ ಪ್ರಶ್ನೆ ಏಳುತ್ತದೆ. ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೆ ಅಳತೆಯೊಂದು ಏನನ್ನು ಹೇಳುತ್ತದೆ ಎಂಬ ಪ್ರಶ್ನೆ ಎಲ್ಲ ವಿಜ್ಞಾನಗಳಿಗೂ ಸೇರಿದ್ದು.

ಹೃದಯದಿಂದ ಹೊರಡುವ ಮಹಾಪಧಮನಿಯ ಗೋಡೆಯಲ್ಲಿ ಮೂರು ಪದರಗಳಿವೆ. ಒಳಪದರ ಹರಿದು, ರಕ್ತವು ಗೋಡೆಯೊಳಕ್ಕೇ ನುಗ್ಗಿ ಪದರಗಳನ್ನು ಬೇರ್ಪಡಿಸಿದರೆ ಅದು 'ಸೀಳಿಕೆ'. ಹೃದಯಕ್ಕೆ ಸಮೀಪದ ಏರುಭಾಗದಲ್ಲಿ ಹೀಗಾದರೆ ಸಾಮಾನ್ಯವಾಗಿ ತುರ್ತು ಶಸ್ತ್ರಚಿಕಿತ್ಸೆ ಬೇಕು. ಗಾಯಗೊಂಡ ಗೋಡೆಯಲ್ಲಿ ಉರಿಯೂತ ಉಂಟಾಗುತ್ತದೆ. ಆಗ ರಕ್ತದಲ್ಲಿ ನ್ಯೂಟ್ರೋಫಿಲ್ ಕಣಗಳು ಹೆಚ್ಚುತ್ತವೆ, ಲಿಂಫೋಸೈಟ್ ಕಣಗಳು ಕಡಿಮೆಯಾಗುತ್ತವೆ. ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತದೆ. ಆಸ್ಪತ್ರೆಗೆ ಬಂದಾಗ ಈ ಸೂಚಕಗಳು ಏರಿದ್ದವರಲ್ಲಿ ಸಾವು ಹೆಚ್ಚು ಎಂಬುದು ಈ ಪ್ರಬಂಧಗಳ ತಿರುಳು. ಸಂಬಂಧವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅದನ್ನು 'ಮುನ್ಸೂಚನೆ' ಎಂದು ಕರೆಯುವುದಕ್ಕೆ ನನ್ನ ಆಕ್ಷೇಪಗಳು ಮೂರು.

ಮೊದಲನೆಯದು ಕಾಲ. ಗಾಯವಾದ ಸುಮಾರು 6 ಗಂಟೆಗಳ ನಂತರ ಸಿ-ರಿಯಾಕ್ಟಿವ್ ಪ್ರೋಟೀನ್ ಏರತೊಡಗುತ್ತದೆ. ಗರಿಷ್ಠ ಮಟ್ಟ ಮುಟ್ಟಲು ಸುಮಾರು 48 ಗಂಟೆ ಬೇಕು. ಎದೆನೋವು ಬಂದ 2 ಗಂಟೆಯೊಳಗೆ ಬಂದವನನ್ನೂ 24 ಗಂಟೆಯ ನಂತರ ಬಂದವನನ್ನೂ ಒಂದೇ ಅಳತೆಗೋಲಿನಿಂದ ಅಳೆದರೆ, ನಾವು ಅಳೆದದ್ದು ರೋಗದ ತೀವ್ರತೆಯನ್ನೋ, ಕಳೆದುಹೋದ ಸಮಯವನ್ನೋ? ಸೋಂಕು ತಗಲಿದರೂ ಇದೇ ಪ್ರೋಟೀನ್ ಏರುತ್ತದೆ ಎಂಬುದನ್ನೂ ನೆನಪಿಡಿ.

ಎರಡನೆಯದು ಗಡಿರೇಖೆ. ಹಳೆಯ ದಾಖಲೆಗಳನ್ನು ತೆರೆದು, ಸತ್ತವರನ್ನೂ ಬದುಕಿದವರನ್ನೂ ಅತ್ಯುತ್ತಮವಾಗಿ ಬೇರ್ಪಡಿಸುವ ಮಟ್ಟವನ್ನು ಹುಡುಕಿ, ಅದೇ ದಾಖಲೆಗಳ ಮೇಲೆ ಅದರ ಯಶಸ್ಸನ್ನು ಅಳೆಯುವ ಪ್ರಬಂಧಗಳು ಹಲವು. ಬಾಣ ನೆಟ್ಟ ಮೇಲೆ ಅದರ ಸುತ್ತ ಗುರಿಯ ವೃತ್ತ ಬರೆದಂತೆ ಇದು. ಬೇರೊಂದು ಊರಿನ, ಬೇರೆ ರೋಗಿಗಳ ಮೇಲೆ ಪರೀಕ್ಷಿಸದೆ ಅದನ್ನು ನಂಬುವಂತಿಲ್ಲ.

ಮೂರನೆಯದು ಗುಂಪು ಮತ್ತು ವ್ಯಕ್ತಿ. ಒಂದು ಲೆಕ್ಕ ಮಾಡಿ ನೋಡಿ. 100 ರೋಗಿಗಳಲ್ಲಿ 20 ಮಂದಿ ಸಾಯುತ್ತಾರೆ ಎಂದಿಟ್ಟುಕೊಳ್ಳಿ. ಸಾಯುವವರಲ್ಲಿ ಶೇ. 75, ಬದುಕುವವರಲ್ಲಿ ಶೇ. 70 ಮಂದಿಯನ್ನು ಪರೀಕ್ಷೆ ಸರಿಯಾಗಿ ಗುರುತಿಸುತ್ತದೆ ಎನ್ನೋಣ. ಆಗ 'ಅಪಾಯ' ಎಂಬ ಹಣೆಪಟ್ಟಿ ಬೀಳುವುದು 15 + 24 = 39 ಮಂದಿಗೆ. ಅವರಲ್ಲಿ 24 ಮಂದಿ ಬದುಕುವವರು! 'ಅಪಾಯವಿಲ್ಲ' ಎನಿಸಿಕೊಂಡ 61 ಮಂದಿಯಲ್ಲಿ 5 ಮಂದಿ ಸಾಯುತ್ತಾರೆ. ಈ ಅಂಕಿಯನ್ನು ನೆಚ್ಚಿ ಒಬ್ಬ ರೋಗಿಗೆ ಶಸ್ತ್ರಚಿಕಿತ್ಸೆ ಬೇಡ ಎನ್ನಲು ಯಾವ ವೈದ್ಯರಿಗೆ ಧೈರ್ಯ ಬಂದೀತು? ಬಾಗಿಲಲ್ಲಿ ನಿಂತ ಅವನ ಮನೆಯವರಿಗೆ ಏನೆಂದು ಹೇಳಬೇಕು?

ರಕ್ತಪರೀಕ್ಷೆಗಳೇ ವ್ಯರ್ಥವೆಂದು ಇದರ ಅರ್ಥವಲ್ಲ. ಹೆಪ್ಪುಗಟ್ಟಿದ ರಕ್ತ ಕರಗುವಾಗ ದೊರೆಯುವ ಡಿ-ಡೈಮರ್ ಎಂಬ ತುಣುಕನ್ನು ತೆಗೆದುಕೊಳ್ಳಿ. 2018ರಲ್ಲಿ ಪ್ರಕಟವಾದ 'ಅಡ್ವೈಸ್ಡ್' ಅಧ್ಯಯನದಲ್ಲಿ, ಮಿಲಿಲೀಟರಿಗೆ 500 ನ್ಯಾನೊಗ್ರಾಂ ಎಂಬ ಗಡಿಯನ್ನು ಮೊದಲೇ ನಿಗದಿಪಡಿಸಿ, 1850 ಮಂದಿಯನ್ನು ಪರೀಕ್ಷಿಸಲಾಯಿತು. ವೈದ್ಯರ ಅಂದಾಜಿನಲ್ಲಿ ಅಪಾಯ ಹೆಚ್ಚಿಲ್ಲದ, ಡಿ-ಡೈಮರ್ ಕೂಡ ಗಡಿಗಿಂತ ಕಡಿಮೆಯಿದ್ದ 924 ಮಂದಿಯಲ್ಲಿ ಮಹಾಪಧಮನಿಯ ತೀವ್ರ ರೋಗ ಕೈತಪ್ಪಿದ್ದು 3 ಮಂದಿಯಲ್ಲಿ ಮಾತ್ರ. ಇಲ್ಲಿ ಕೇಳಿದ ಪ್ರಶ್ನೆ ಚಿಕ್ಕದು: 'ಈ ರೋಗವನ್ನು ಸದ್ಯಕ್ಕೆ ಪಕ್ಕಕ್ಕಿಡಬಹುದೆ?' ಉತ್ತರದಿಂದ ವೈದ್ಯರು ಮುಂದೇನು ಮಾಡಬೇಕೆಂಬುದು ಬದಲಾಗುತ್ತದೆ. ಆ ಪರೀಕ್ಷೆಯ ಬೆಲೆ ಇರುವುದು ಅಲ್ಲಿಯೇ.

ಅಧ್ಯಾಪಕ ಮಿತ್ರರೆ, 'ಈ ಸೂಚಕ ಸಾವನ್ನು ಮುಂಚಿತವಾಗಿ ತಿಳಿಸುತ್ತದೆ' ಎಂಬ ಸುದ್ದಿಯನ್ನು ವಿದ್ಯಾರ್ಥಿಗಳು ತಂದರೆ ಮೂರು ಪ್ರಶ್ನೆ ಕೇಳಲು ಕಲಿಸಿ: ಯಾವಾಗ ಅಳೆದರು? ಗಡಿಯನ್ನು ಮೊದಲೇ ಗೊತ್ತುಮಾಡಿದ್ದರೆ? ಅಳತೆಯಿಂದ ಯಾವ ನಿರ್ಧಾರ ಬದಲಾಯಿತು? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ, ಅದು ಹೊಗೆಯ ಅಳತೆ ಮಾತ್ರ.