‘ಬೆಂಕಿಯ ಮಳೆ’ ಎಂಬ ಉಪಮೆಯ ವಿಮರ್ಶೆ

ಕಾವ್ಯದ ಉಪಮೆಗೆ ರಸವೇ ಪ್ರಮಾಣ. ಶಾಸ್ತ್ರದ ಉಪಮೆಯಾದರೋ ವಸ್ತುಸ್ಥಿತಿಗೂ ಹೊಂದಬೇಕು. ಉಲ್ಕಾಶಿಲೆಗಳನ್ನು ತೆಳುವಾಗಿ ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಆಂಗ್ಲ ವಿದ್ವಾಂಸ ಹೆನ್ರಿ ಕ್ಲಿಫ್ಟನ್ ಸಾರ್ಬಿಯು, ಅವುಗಳಲ್ಲಿ ಹುದುಗಿರುವ ಸಾಸಿವೆಯಷ್ಟು ಸಣ್ಣ ಗುಂಡುಗಳನ್ನು 1877ರಲ್ಲಿ ಬೆಂಕಿಯ ಮಳೆಹನಿಗಳಿಗೆ ಹೋಲಿಸಿದನು. ಕಾಂಡ್ರೂಲುಗಳೆನಿಸುವ ಈ ಗುಂಡುಗಳಿಗೆ ಆ ಉಪಮೆ ಇಂದಿಗೂ ಪ್ರಸಿದ್ಧವಾಗಿದೆ.

ಇಲ್ಲಿ ಸಾಧಾರಣಧರ್ಮವು ಸ್ಪಷ್ಟವಾಗಿಯೇ ಇದೆ. ಸುಮಾರು 456 ಕೋಟಿ ವರ್ಷಗಳ ಹಿಂದೆ ಸೂರ್ಯನ ಸುತ್ತಲಿನ ಅನಿಲ-ಧೂಳಿಗಳ ನಡುವೆ ಇವು ದ್ರವದ ಹನಿಗಳಾಗಿದ್ದು, ಬಿಡಿಬಿಡಿಯಾಗಿ ಗಟ್ಟಿಯಾಗಿ, ಅನಂತರ ಶಿಲೆಯಲ್ಲಿ ಸೇರಿದುವು.

ಆದರೆ ವೈಧರ್ಮ್ಯವೂ ಉಂಟು. ಮಳೆಹನಿಯು ಆವಿಯಿಂದ ಹುಟ್ಟುವುದು. ಕಾಂಡ್ರೂಲುಗಳಲ್ಲಿ ಬಹುಪಾಲು ಧೂಳಿನ ಮುದ್ದೆಗಳು ಕರಗಿ ಆದುವು. ಕೆಲವುಗಳೊಳಗೆ ಕರಗದೆ ಉಳಿದ ಹಳೆಯ ಹರಳುಗಳೇ ಇದಕ್ಕೆ ಸಾಕ್ಷಿ. ಮಳೆಹನಿಗಳೆಲ್ಲವೂ ಏಕರೂಪ; ಇವುಗಳ ಒಳರಚನೆಯೋ ನಾನಾವಿಧ. ಕರಗುವಾಗ ಹರಳಿನ ಬೀಜಗಳು ಅನೇಕವಾಗಿ ಉಳಿದಿದ್ದರೆ, ಒಂದೊಂದರ ಸುತ್ತಲೂ ಹರಳು ಬೆಳೆದು, ನಯವಾದ ಹಿನ್ನೆಲೆಯಲ್ಲಿ ದಪ್ಪ ಹರಳುಗಳು ಕಾಣುವುವು. ಬೀಜಗಳು ಬಹುತೇಕ ಅಳಿದಿದ್ದರೆ, ದ್ರವವು ಹೆಪ್ಪುಗಟ್ಟುವ ಉಷ್ಣತೆಗಿಂತಲೂ ಕೆಳಕ್ಕೆ ತಣಿದು ಒಮ್ಮೆಗೇ ಹರಳಾಗುವುದು. ಆಗ ಆಲಿವೀನ್ ಸಮಾನಾಂತರವಾದ ಪಟ್ಟಿಗಳಾಗಿಯೂ, ಪೈರಾಕ್ಸೀನ್ ಅಂಚಿನ ಒಂದು ಬಿಂದುವಿನಿಂದ ಬೀಸಣಿಗೆಯಂತೆಯೂ ಹರಡುವುದು. ಉಳಿದ ದ್ರವ ಗಾಜಾಗುವುದು. ಈ ಭೇದಗಳನ್ನು ಪ್ರಯೋಗಶಾಲೆಗಳಲ್ಲಿ ಮರಳಿ ಸೃಷ್ಟಿಸಿದ್ದಾರೆ. ಉಪಮೆಯು ಇವೊಂದನ್ನೂ ಸೂಚಿಸದು.

ಬೋಧಕರು ಮುಖ್ಯವಾಗಿ ಎಚ್ಚರವಹಿಸಬೇಕಾದ ದೋಷ ಬೇರೊಂದಿದೆ. ಉಲ್ಕಾಶಬ್ದಕ್ಕೆ ಉರಿಯುವ ಕೊಳ್ಳಿಯೆಂಬ ಅರ್ಥ ರೂಢವಾಗಿರುವುದರಿಂದ, ‘ಬೆಂಕಿಯ ಮಳೆ’ ಎಂದೊಡನೆ ಈ ಹರಳುಗಳು ಆಕಾಶದಿಂದ ಬೀಳುವಾಗಲೇ ಆದುವೆಂಬ ಭ್ರಾಂತಿ ವಿದ್ಯಾರ್ಥಿಗಳಿಗೆ ಸುಲಭವಾಗಿ ಉಂಟಾಗುವುದು. ವಾಯುಮಂಡಲದಲ್ಲಿ ಕರಗುವುದು ಶಿಲೆಯ ಹೊರಮೈ ಮಾತ್ರ. ಅದರ ಗುರುತು ತೆಳುವಾದ ಕಪ್ಪು ಸಿಪ್ಪೆಯಷ್ಟೆ. ಒಳಗಿನ ರಚನೆ ಭೂಮಿಗಿಂತಲೂ ಹಳೆಯದು.

ಹೀಗಿದ್ದರೂ ಉಪಮೆಯನ್ನು ತ್ಯಜಿಸಬೇಕಾಗಿಲ್ಲ. ಶೂನ್ಯದಲ್ಲಿ ಒಂಟಿಯಾದ ಹನಿಯೊಂದು ಕೆಲವೇ ಕ್ಷಣಗಳಲ್ಲಿ ತಣಿದುಹೋಗುತ್ತಿತ್ತು. ಹರಳುಗಳ ರೂಪವನ್ನು ನೋಡಿದರೆ ಬಹುತೇಕ ಹನಿಗಳು ಗಂಟೆಗಳಿಂದ ದಿನಗಳವರೆಗೆ ತಣಿದಂತಿದೆ. ಆದುದರಿಂದ ಬಿಸಿಯಾದ ಹನಿಗಳು ಅಸಂಖ್ಯವಾಗಿ ಒತ್ತಾಗಿದ್ದು, ಒಂದರ ಕಾವನ್ನೊಂದು ಕಾಯ್ದಿರಬೇಕೆಂದು ಹಲವರು ಊಹಿಸುವರು. ಅವುಗಳನ್ನು ಕರಗಿಸಿದ ಬೆಂಕಿ ಯಾವುದೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆದರೆ ‘ಹನಿ’ ಎನ್ನದೆ ‘ಮಳೆ’ ಎಂದುದು ಸಾರ್ಥಕವಾಗಿದೆ. ಉತ್ಪತ್ತಿಯಲ್ಲಿ ಅಲ್ಲ, ಆಕಾರದಲ್ಲಿಯೂ ಸಮೂಹದಲ್ಲಿಯೂ ಈ ಉಪಮೆಯು ಗ್ರಾಹ್ಯವೆಂದು ನಿರ್ಣಯಿಸಬಹುದು.