ಏಕಮಾನವಿಲ್ಲದ ಅಂಕಿಗಳು: ಹಡೂಪ್ ಹೊಂದಿಕೆಗಳ ಒಂದು ವಿಮರ್ಶೆ

ಭೌತಶಾಸ್ತ್ರದ ಉತ್ತರಪತ್ರಿಕೆಯಲ್ಲಿ ‘ವೇಗ = 20’ ಎಂದಷ್ಟೇ ಬರೆದರೆ ಅಧ್ಯಾಪಕರು ಅಂಕ ಕಳೆಯುತ್ತಾರೆ. ಏಕಮಾನವಿಲ್ಲದ ಸಂಖ್ಯೆ ಅಳತೆಯಲ್ಲ ಎಂಬುದು ವಿಜ್ಞಾನದ ಮೊದಲ ಪಾಠಗಳಲ್ಲೊಂದು. ಸಾವಿರಾರು ಗಣಕಗಳನ್ನು ಒಂದಾಗಿ ದುಡಿಸಬಲ್ಲ ಹಡೂಪ್ ಎಂಬ ತಂತ್ರಾಂಶ ಈ ಪಾಠವನ್ನು ಸರಿಯಾಗಿ ಪಾಲಿಸಿಲ್ಲ.

ಗೂಗಲ್ ಸಂಸ್ಥೆಯ ತಂತ್ರಜ್ಞರು 2003 ಮತ್ತು 2004ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳಿಂದ ಪ್ರೇರಣೆ ಪಡೆದು ಡಗ್ ಕಟಿಂಗ್ ಮತ್ತು ಮೈಕ್ ಕ್ಯಾಫರೆಲ್ಲಾ ಇದನ್ನು ರೂಪಿಸಿದರು. 2006ರಲ್ಲಿ ಇದು ಪ್ರತ್ಯೇಕ ಯೋಜನೆಯಾಯಿತು. ದೊಡ್ಡ ಕಡತವನ್ನು ತುಂಡುಗಳಾಗಿಸಿ, ಪ್ರತಿ ತುಂಡಿನ ಮೂರು ಪ್ರತಿಗಳನ್ನು ಬೇರೆ ಬೇರೆ ಗಣಕಗಳಲ್ಲಿ ಇಡುವುದು ಇದರ ಕ್ರಮ. ತುಂಡುಗಳನ್ನು ಇಟ್ಟುಕೊಂಡಿರುವ ಗಣಕಕ್ಕೆ ‘ಡೇಟಾನೋಡ್’ ಎಂದು ಹೆಸರು. ಯಾವ ತುಂಡು ಎಲ್ಲಿದೆ ಎಂಬ ಲೆಕ್ಕ ಇಡುವುದು ‘ನೇಮ್‌ನೋಡ್’. ಇವು ಹೇಗೆ ನಡೆದುಕೊಳ್ಳಬೇಕೆಂಬುದನ್ನು ನೂರಾರು ಹೊಂದಿಕೆಗಳು ನಿರ್ಧರಿಸುತ್ತವೆ. ಪ್ರತಿಯೊಂದಕ್ಕೂ ಒಂದು ಹೆಸರು ಮತ್ತು ಒಂದು ಬೆಲೆ ಇರುತ್ತದೆ. ಅವನ್ನು ಎಕ್ಸ್‌ಎಮ್‌ಎಲ್ ಕಡತಗಳಲ್ಲಿ ಬರೆಯುತ್ತಾರೆ.

ಒಂದು ಉದಾಹರಣೆ ನೋಡೋಣ. ಪ್ರತಿ ಡೇಟಾನೋಡ್ 3 ಸೆಕೆಂಡಿಗೊಮ್ಮೆ ‘ನಾನು ಇದ್ದೇನೆ’ ಎಂಬ ಸಂಕೇತ ಕಳಿಸುತ್ತದೆ. ಇದಕ್ಕೆ ಹಾರ್ಟ್‌ಬೀಟ್, ಅಂದರೆ ಎದೆಬಡಿತ, ಎಂದು ಹೆಸರು. ಸಂಕೇತ ನಿಂತ ಗಣಕವನ್ನು ನೇಮ್‌ನೋಡ್ ಯಾವಾಗ ‘ಸತ್ತಿದೆ’ ಎಂದು ಘೋಷಿಸಬೇಕು? ಮರುತಪಾಸಣೆಯ ಅವಧಿಯ ಎರಡರಷ್ಟು ಮತ್ತು ಎದೆಬಡಿತದ ಅವಧಿಯ ಹತ್ತರಷ್ಟು, ಇವೆರಡರ ಮೊತ್ತವೇ ಆ ಗಡುವು. ಮೂಲಬೆಲೆಗಳ ಪ್ರಕಾರ ಇದು 600 + 30 = 630 ಸೆಕೆಂಡು, ಅಂದರೆ ಹತ್ತೂವರೆ ನಿಮಿಷ.

ತೊಡಕು ಇರುವುದು ಇಲ್ಲೇ. ಎದೆಬಡಿತದ ಬೆಲೆ 3, ಅದು ಸೆಕೆಂಡುಗಳಲ್ಲಿದೆ. ಮರುತಪಾಸಣೆಯ ಬೆಲೆ 300000, ಅದು ಮಿಲಿಸೆಕೆಂಡುಗಳಲ್ಲಿದೆ. ಎರಡನೆಯದೂ ಸೆಕೆಂಡೆಂದು ಭಾವಿಸಿ ಯಾರಾದರೂ 300 ಎಂದು ಬರೆದರೆ ಗಡುವು 30.6 ಸೆಕೆಂಡಿಗೆ ಇಳಿಯುತ್ತದೆ. ಆಗ ಒಂದು ನಿಮಿಷದ ಮಟ್ಟಿಗೆ ನಿಲ್ಲಿಸಿದ ಗಣಕವೂ ಸತ್ತವುಗಳ ಪಟ್ಟಿಗೆ ಸೇರಿ, ಅದರಲ್ಲಿದ್ದ ತುಂಡುಗಳ ಹೊಸ ಪ್ರತಿ ಮಾಡುವ ಕೆಲಸ ವೃಥಾ ಶುರುವಾಗುತ್ತದೆ. ಅದಕ್ಕೆ ಬದಲಾಗಿ ಮೊದಲನೆಯದನ್ನು ಮಿಲಿಸೆಕೆಂಡೆಂದು ಭಾವಿಸಿ 3000 ಎಂದು ಬರೆದರೆ ಗಡುವು 30,600 ಸೆಕೆಂಡು, ಅಂದರೆ ಎಂಟೂವರೆ ಗಂಟೆ! ಅಷ್ಟು ಹೊತ್ತು ಕೆಟ್ಟ ಗಣಕ ಬದುಕಿದೆ ಎಂದೇ ಲೆಕ್ಕ. ಅದರಲ್ಲಿದ್ದ ತುಂಡುಗಳಿಗೆ ಎರಡೇ ಪ್ರತಿ ಉಳಿದಿದ್ದರೂ ಮೂರನೆಯದನ್ನು ಮಾಡಲು ಯಾರೂ ಮುಂದಾಗುವುದಿಲ್ಲ. ಇತ್ತೀಚಿನ ಆವೃತ್ತಿಗಳಲ್ಲಿ ಎದೆಬಡಿತದ ಬೆಲೆಗೆ ಏಕಮಾನ ಸೇರಿಸಿ ಬರೆಯಬಹುದು. ಇದು ಒಳ್ಳೆಯ ಸುಧಾರಣೆಯೇ. ಆದರೆ ಸೇರಿಸದಿದ್ದರೂ ತಂತ್ರಾಂಶ ಆಕ್ಷೇಪಿಸುವುದಿಲ್ಲ.

ಎರಡನೆಯ ದೋಷ ಮೌನ. ಹೊಂದಿಕೆಯ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಹಡೂಪ್ ಅದನ್ನು ಸದ್ದಿಲ್ಲದೆ ಬದಿಗಿಟ್ಟು ಮೂಲಬೆಲೆಯಿಂದಲೇ ನಡೆಯುತ್ತದೆ. ಬಳಕೆದಾರರ ಕಾರ್ಯಕ್ರಮಗಳೂ ತಮ್ಮದೇ ಹೊಂದಿಕೆಗಳನ್ನು ಇದೇ ಹಾದಿಯಲ್ಲಿ ಕಳಿಸುವುದರಿಂದ ಅಪರಿಚಿತ ಹೆಸರನ್ನು ನಿರಾಕರಿಸಲಾಗದು ಎಂಬ ಸಮರ್ಥನೆ ಇದೆ. ನಿರಾಕರಿಸುವುದು ಬೇಡ, ಎಚ್ಚರಿಸಬಹುದಲ್ಲ? ಬಳಕೆ ತಪ್ಪಿದ ಹಳೆಯ ಹೆಸರುಗಳ ಪಟ್ಟಿ ಹಡೂಪ್ ಬಳಿ ಇದೆ; ಅವನ್ನು ಕಂಡರೆ ಅದು ಎಚ್ಚರಿಕೆ ಕೊಡುತ್ತದೆ. ಹಳೆಯ ಹೆಸರಿಗೆ ದೊರೆತ ಗಮನ ತಪ್ಪು ಹೆಸರಿಗೂ ದೊರೆಯಬೇಕಿತ್ತು.

ಮೂರನೆಯದು ಅಪಾಯಕಾರಿ ಮೂಲಬೆಲೆ. ನೇಮ್‌ನೋಡ್ ತನ್ನ ಲೆಕ್ಕವನ್ನು ಎಲ್ಲಿ ಇಡಬೇಕೆಂದು ನೀವು ಹೇಳದಿದ್ದರೆ ಅದು ‘ಟಿಎಮ್‌ಪಿ’ ಎಂಬ ತಾತ್ಕಾಲಿಕ ಕೋಶದಲ್ಲಿ ಇಡುತ್ತದೆ. ಅನೇಕ ಲಿನಕ್ಸ್ ಗಣಕಗಳಲ್ಲಿ ಮರುಚಾಲನೆಯ ಹೊತ್ತಿಗೆ ಈ ಕೋಶ ಖಾಲಿಯಾಗುತ್ತದೆ. ಲೆಕ್ಕ ಹೋದರೆ ತುಂಡುಗಳಿದ್ದೂ ಇಲ್ಲದಂತೆ. ಕಾಲೇಜಿನ ಪ್ರಯೋಗಾಲಯದಲ್ಲಿ ನಾಲ್ಕಾರು ಗಣಕಗಳನ್ನು ಜೋಡಿಸಿ ಕಲಿಯುವ ವಿದ್ಯಾರ್ಥಿಗಳು ಮೊದಲು ಬದಲಿಸಬೇಕಾದ ಹೊಂದಿಕೆ ಇದು.

ಅಂಬಾರಿಯಂಥ ನಿರ್ವಹಣಾ ತಂತ್ರಾಂಶಗಳು ಈ ಹೊರೆಯನ್ನು ಬಹಳಷ್ಟು ಇಳಿಸಿವೆ ಎಂಬುದನ್ನು ಒಪ್ಪಬೇಕು. ಪ್ರತಿ ಬದಲಾವಣೆಯೂ ಅದರಲ್ಲಿ ಹೊಸ ಆವೃತ್ತಿಯಾಗಿ ದಾಖಲಾಗುತ್ತದೆ. ಯಾರು, ಯಾವಾಗ ಬದಲಿಸಿದರೆಂದು ತಿಳಿಯುತ್ತದೆ. ಎರಡು ಆವೃತ್ತಿಗಳನ್ನು ಹೋಲಿಸಬಹುದು, ಹಿಂದಿನದಕ್ಕೆ ಮರಳಬಹುದು. ಯಾವ ಸೇವೆಯನ್ನು ಮರುಚಾಲನೆ ಮಾಡಬೇಕೆಂದೂ ಅದು ತೋರಿಸುತ್ತದೆ. ಕೆಲವು ಬೆಲೆಗಳ ಬಗ್ಗೆ ಸಲಹೆಯನ್ನೂ ಕೊಡುತ್ತದೆ. ಆದರೂ ತೆರೆಯ ಮೇಲಿನ ಬೆಲೆಯೇ ವಸ್ತುಸ್ಥಿತಿಯಲ್ಲ. ಪ್ರತಿಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಿದರೆ ಈಗಾಗಲೇ ಇರುವ ಕಡತಗಳಿಗೆ ಅದು ಅನ್ವಯಿಸುವುದಿಲ್ಲ. ಅವಕ್ಕೆ ಬೇರೆಯೇ ಆದೇಶ ಬೇಕು. ತೆರೆಯಲ್ಲಿ 2, ಡಿಸ್ಕಿನಲ್ಲಿ 3! ಬದಲಾವಣೆಯ ಜೊತೆ ಟಿಪ್ಪಣಿ ಬರೆಯಲು ಅಂಬಾರಿ ಜಾಗ ಕೊಡುತ್ತದೆ, ಆದರೆ ಏಕೆ ಬದಲಿಸಿದೆವು ಎಂಬುದನ್ನು ನಾವೇ ಬರೆಯಬೇಕು.

ಹೀಗಿರುವಾಗ ತಪ್ಪು ಯಾರದು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಸಂಶೋಧಕರು 2013ರಲ್ಲಿ ಮಂಡಿಸಿದ ಪ್ರಬಂಧವೊಂದರ ಶೀರ್ಷಿಕೆಯ ತಾತ್ಪರ್ಯವೇ ‘ತಪ್ಪು ಹೊಂದಿಕೆಗೆ ಬಳಕೆದಾರರನ್ನು ದೂರಬೇಡಿ’ ಎಂಬುದು. ತಪ್ಪು ಬೆಲೆಯನ್ನು ಮೊದಲೇ ಪರೀಕ್ಷಿಸಿ ಸ್ಪಷ್ಟವಾಗಿ ತಿಳಿಸುವುದು ತಂತ್ರಾಂಶ ಬರೆಯುವವರ ಹೊಣೆ ಎಂಬ ಅವರ ವಾದ ಹಡೂಪ್‌ಗೂ ಸಲ್ಲುತ್ತದೆ. ಲಿಖಿತ ಸೂಚನೆಯಲ್ಲಿ ಏಕಮಾನ ತಿಳಿಸಿದ್ದೇವೆ ಎಂದರೆ ಸಾಲದು. ನಡುರಾತ್ರಿ ಕೆಟ್ಟ ಯಂತ್ರವನ್ನು ಸರಿಪಡಿಸುವವರ ಕಣ್ಣಮುಂದೆ ಇರುವುದು ಸೂಚನೆಯ ಪುಟವಲ್ಲ, ಹೊಂದಿಕೆಯ ಕಡತ.

ಅಧ್ಯಾಪಕರು 630 ಸೆಕೆಂಡಿನ ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿಸಬಹುದು. ನಾಳೆ ಇಂಥ ತಂತ್ರಾಂಶಗಳನ್ನು ಬರೆಯುವವರು ಇಂದಿನ ವಿದ್ಯಾರ್ಥಿಗಳೇ. ಸಂಖ್ಯೆಯ ಪಕ್ಕದಲ್ಲಿ ಏಕಮಾನ ಬರೆಯುವ ಅಭ್ಯಾಸ ಪ್ರಯೋಗದ ದಾಖಲೆ ಪುಸ್ತಕದಿಂದ ಅವರ ಕಾರ್ಯಕ್ರಮಗಳಿಗೂ ಹಬ್ಬಲಿ.